ಮೂರನೆಯ ಕಾಲಂ ಖಾಲಿ

ರಸ್ತೆಯಲ್ಲಿ ನಡೆಯುವಾಗ ಡಾಕ್ಟರು ಎಂದೂ ಮುಂದಕ್ಕೆ ನೋಡುತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಕೊಂಚ ಬಾಗಿ ಎಡಗಡೆಯ ನೆಲವನ್ನು ನೋಡುವುದು, ಆಮೇಲೆ ಬಲಗಡೆಯದನ್ನು, ಮತ್ತೆ ನಾಲ್ಕು ಹೆಜ್ಜೆ; ಹೀಗಾಗಿ ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷದ ಹಾದಿ ಅವರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಹೊಸಬರು ಯಾರಾದರೂ ಎದುರಾದರೆ ತಾವೂ ಬಗ್ಗಿ ಹುಡುಕಲು ತೊಡಗಿ, "ಏನು ಬೀಳಿಸಿಕೊಂಡ್ರಿ ಸಾರ್?" ಎಂದು ಕೇಳುತ್ತಿದ್ದರು. "ಏನಿಲ್ಲ, ಏನಿಲ್ಲ" ಎಂದು ಡಾಕ್ಟರು ನಾಚಿ ಮುಂದೆ ಹೋಗುವುದು, ನಾಲ್ಕು ಹೆಜ್ಜೆಯಾಚೆ ಮತ್ತೆ ಅದೇ ಕತೆ! ಮದುವೆಯಾಗಿ ಬಂದ ಮೊದಲ ವಾರ ಮಾವನವರ ಜೊತೆ ಪೇಟೆಗೆ ಹೋಗಿಬಂದ ಸೊಸೆ, ಗಂಡನನ್ನು ಅಡುಗೆಮನೆಗೆ ಕರೆದು, "ನಿಮ್ಮಪ್ಪನಿಗೆ ಕಣ್ಣು ಸರಿಯಾಗಿ ಕಾಣುತ್ತಾ?" ಎಂದು ಪಿಸುಗುಟ್ಟಿದ್ದಳು. ಯುದ್ಧದಿಂದ ಬಂದ ಮೇಲೆ ಹಾಗೆ ಎಂದಷ್ಟೇ ಅವನಿಗೂ ಗೊತ್ತಿದ್ದದ್ದು.

ಇನ್ನು ಅವರ ಕೋಟು. ಖಾಕಿ ಬಣ್ಣ ಮಾಸಿ ಹೋಗಿ ಯಾವ ಬಣ್ಣವೆಂದು ಹೇಳಲಾಗದ ಆ ಸೈನ್ಯದ ಕೋಟಿನ ಜೇಬಿನಲ್ಲಿ ನಿಬ್ಬು ಮುರಿದ ಪೆನ್ನು, ನಿಂತುಹೋದ ಗಡಿಯಾರ, ಒಂದು ಕಿವಿಗೆ ಮಾತ್ರ ಕೇಳಿಸುವ ಸ್ಟೆತಸ್ಕೋಪು, ಇಂಥ ಸಕಲ ವಿಕಲಾಂಗ ವಸ್ತುಗಳೂ ಆಶ್ರಯ ಪಡೆದಿದ್ದವು. ಎಸೆಯೋಣವೇ ಎಂದರೆ ಒಂದೇ ಉತ್ತರ: "ನೋಡೋಣ." ಕೊಡೆಯ ಕಡ್ಡಿ ಮುರಿದರೆ ನೋಡೋಣ, ಹಾಲು ಒಡೆದರೂ ನೋಡೋಣ. ಒಡೆದ ಹಾಲಿನಲ್ಲಿ ಇನ್ನೇನು ನೋಡುತ್ತಾರೋ ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಆದರೆ ಆ ಮಾತಿಗೆ ನಗುವ ಹಕ್ಕು ಸೊಸೆಗೆ ಬಹಳ ದಿನ ಉಳಿಯಲಿಲ್ಲ. ಅವಳ ಮಗಳು ಏಳನೇ ತಿಂಗಳಿಗೇ ಹುಟ್ಟಿ, ಅಂಗೈಯಷ್ಟು ಮೈಯಲ್ಲಿ ಉಸಿರು ಹಿಡಿದು ಬಿಟ್ಟು ಮಾಡುತ್ತಿದ್ದಾಗ, ಹೆರಿಗೆ ಡಾಕ್ಟರು ತಲೆಯಾಡಿಸಿ ಹೊರಗೆ ಹೋದರು. ಮಾವನವರು ಕುರ್ಚಿ ಎಳೆದುಕೊಂಡು "ನೋಡೋಣ" ಎಂದು ಕೂತವರು ನಾಲ್ಕು ದಿನ ಅಲ್ಲಾಡಲಿಲ್ಲ. ಆ ಮಗಳಿಗೆ ಈಗ ಮೂವತ್ತೆರಡು ವರ್ಷ, ಅಮ್ಮನ ಮಾತಿಗೆ ಎದುರಾಡುವುದರಲ್ಲಿ ಎತ್ತಿದ ಕೈ.

ಡಾಕ್ಟರು ತೀರಿಕೊಂಡ ಆರು ವರ್ಷಕ್ಕೆ ಅವರು ದುಡಿದ ಆಸ್ಪತ್ರೆಯವರು ತುರ್ತು ಚಿಕಿತ್ಸೆಯ ಹೊಸ ವಾರ್ಡಿಗೆ ಅವರ ಹೆಸರಿಡಲು ನಿಶ್ಚಯಿಸಿ, ಜೀವನ ಚರಿತ್ರೆ ಎರಡು ಪುಟ ಬೇಕೆಂದರು. ಡಾಕ್ಟರ ಹಿರಿಯ ಮಗಳು ತಮ್ಮನ ಹೆಂಡತಿಗೆ ಫೋನು ಮಾಡಿದರು. "ಮೂವತ್ತು ವರ್ಷ ಲೈಬ್ರರಿಯಲ್ಲಿ ಕೂತವಳು ನೀನು. ಅಪ್ಪ ಯುದ್ಧದಲ್ಲಿ ಏನೇನು ಮಾಡಿದ್ರು ಅಂತ ಹುಡುಕಿ ಬರಿ. ಎರಡು ಪುಟ ತಾನೇ?"

"ಆಯ್ತು ಅತ್ತಿಗೆ" ಎಂದಳು ಸೊಸೆ, ಮುಂದಾಗುವ ಫಜೀತಿ ತಿಳಿಯದೆ.

ಅವಳ ಪದ್ಧತಿ ಲೈಬ್ರರಿಯದು: ಒಂದು ಸಂಗತಿಗೆ ಒಂದು ಕಾರ್ಡು, ಒಂದು ಕಾರ್ಡಿಗೆ ಒಂದೇ ತಲೆಬರಹ. ಒಂದು ಪುಸ್ತಕ ಎರಡು ಕಪಾಟಿನಲ್ಲಿ ಕೂರಲಾರದು ಎಂಬುದು ಅವಳ ಜೀವಮಾನದ ನಂಬಿಕೆ. ಊಟದ ಮೇಜಿನ ಮೇಲೆ ಕಾರ್ಡುಗಳು ಹರಡಿದವು. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಅಪ್ಪ ಬಹಳ ಚೆನ್ನಾಗಿ ಹಾಡುತ್ತಿದ್ದರು ಎಂದು ಅತ್ತಿಗೆ ಬರೆಸಿದರೆ, ಅಪ್ಪನ ಬಾಯಲ್ಲಿ ಹಾಡೇ, ಅಕ್ಕನಿಗೆ ಭ್ರಮೆ ಎಂದು ಗಂಡ ಹೊಡೆದುಹಾಕಿಸಿದ. ಹೋಗಲಿ, ಮನೆಮಂದಿಯ ನೆನಪು ಅಷ್ಟೇ ಎಂದುಕೊಂಡರೆ ಸರ್ಕಾರಿ ಕಾಗದವಾದರೂ ನೆಟ್ಟಗಿರಬೇಡವೇ? ಸೈನ್ಯದ ದಫ್ತರದಿಂದ ಬಂದ ಎರಡು ಪತ್ರಗಳಲ್ಲಿ ಒಂದು ಅವರ ಸೇವೆಗೆ ಪ್ರಶಂಸೆ, ಇನ್ನೊಂದು ಕರ್ತವ್ಯಲೋಪಕ್ಕೆ ವಾಗ್ದಂಡನೆ. ಎರಡೂ ಒಂದೇ ದಿನದ ಕೆಲಸಕ್ಕೆ! ಅವಳಿಗೆ ತಲೆ ಚಿಟ್ಟು ಹಿಡಿದುಹೋಯಿತು.

ಆಮೇಲೆ ಬಂತು ಯುದ್ಧಭೂಮಿಯ ಆಸ್ಪತ್ರೆಯ ರಿಜಿಸ್ಟರಿನ ನಕಲು. ಗಾಯಾಳುಗಳನ್ನು ಸ್ಟ್ರೆಚರುಗಳಲ್ಲಿ ತಂದು ನೆಲದ ಮೇಲೆ ಎರಡು ಸಾಲಾಗಿ ಮಲಗಿಸುವುದು, ಡಾಕ್ಟರು ನಡುವೆ ನಡೆಯುತ್ತ ಎಡಕ್ಕೊಬ್ಬ ಬಲಕ್ಕೊಬ್ಬನನ್ನು ಬಾಗಿ ನೋಡಿ, ಪ್ರತಿಯೊಬ್ಬನನ್ನೂ ಮೂರರಲ್ಲಿ ಒಂದು ಕಾಲಂನಲ್ಲಿ ಬರೆಸುವುದು, ಇದು ಅಲ್ಲಿಯ ಕ್ರಮ. ಮೊದಲನೆಯದು 'ತಕ್ಷಣ', ಎರಡನೆಯದು 'ಕಾಯಬಹುದು', ಮೂರನೆಯದು 'ಆಸೆಯಿಲ್ಲ'. ಇಷ್ಟು ಓದುತ್ತಲೇ ಸೊಸೆಗೆ ಪೇಟೆಯ ರಸ್ತೆಯ ಆ ನಾಲ್ಕು ಹೆಜ್ಜೆಯ ನಡಿಗೆ ಕಣ್ಣಿಗೆ ಕಟ್ಟಿ, ತಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಕ್ಕೆ ನಾಚಿಕೆಯಾಯಿತು. ಆದರೆ ಮಾವನವರ ಹನ್ನೊಂದು ತಿಂಗಳ ಪುಟಗಳಲ್ಲೂ ಮೂರನೆಯ ಕಾಲಂ ಖಾಲಿ. ಇದು ನಕಲು ತೆಗೆದವರ ಬೇಜವಾಬ್ದಾರಿಯೇ ಸರಿ ಎಂದು ತೀರ್ಮಾನಿಸಿ, ದಾಖಲೆ ಅಪೂರ್ಣವಾಗಿದೆ, ಅಂಚು ಕತ್ತರಿಸಿದೆ, ಸರಿಪಡಿಸಿ ಕಳಿಸತಕ್ಕದ್ದು ಎಂದು ದಫ್ತರದವರಿಗೆ ಖಾರವಾಗಿ ಬರೆದಳು. ಲೈಬ್ರರಿಯವರಿಗೆ ಖಾಲಿ ಕಾಲಂ ಕಂಡರೆ ಪುಟ ಹರಿದಿದೆ ಎಂದೇ ತೋರುವುದು. ಅಲ್ಲಿಯ ಗುಮಾಸ್ತ ಫೋನು ಮಾಡಿದ.

"ಅಮ್ಮಾ, ಏನೂ ಕತ್ತರಿಸಿಲ್ಲ. ಬೇರೆ ಡಾಕ್ಟರುಗಳ ಪುಟದಲ್ಲಿ ಆ ಕಾಲಂ ತುಂಬಿ ತುಳುಕ್ತಾ ಇದೆ. ನಿಮ್ಮವರು ಅದರಲ್ಲಿ ಒಬ್ಬರನ್ನೂ ಬರೆಸಿಲ್ಲ, ಅಷ್ಟೇ."

ಸೈನ್ಯದ ಎರಡು ಪತ್ರಗಳನ್ನು ಆ ದಿನದ ಪುಟದ ಪಕ್ಕದಲ್ಲಿಟ್ಟು ಓದಿದಾಗ ಅವುಗಳ ಗುಟ್ಟು ಬಿಡಿಸಿಕೊಂಡಿತು. ಅಂದು ಬೆಳಿಗ್ಗೆ, ಹೊಟ್ಟೆ ಸೀಳಿಹೋಗಿ ಬೇರೆ ಡಾಕ್ಟರು ಕೈಬಿಟ್ಟಿದ್ದ ಸಿಪಾಯಿಯೊಬ್ಬನನ್ನು ಇವರು ಬದುಕಿಸಿದರು, ಅದು ಪ್ರಶಂಸೆ. ಮಧ್ಯಾಹ್ನ, ತಲೆಗೆ ಪೆಟ್ಟಾದ ಇನ್ನೊಬ್ಬನ ಪಕ್ಕದಲ್ಲಿ ಮೂರು ಗಂಟೆ ಹೆಣಗಾಡಿದರು. ಅವನು ಉಳಿಯಲಿಲ್ಲ, ಅಷ್ಟರಲ್ಲಿ 'ಕಾಯಬಹುದು' ಎಂದು ಬರೆದಿದ್ದವರಲ್ಲಿ ಇಬ್ಬರು ಕಾಯುತ್ತ ಕಾಯುತ್ತಲೇ ಹೋಗಿಬಿಟ್ಟರು. ಅದು ವಾಗ್ದಂಡನೆ. ಈ ಕಾರ್ಡನ್ನು ಯಾವ ತಲೆಬರಹದಡಿ ಇಡಬೇಕು? ಬೆಳಿಗ್ಗೆ 'ಸಾಧನೆ'ಯಲ್ಲಿ ಇಟ್ಟದ್ದನ್ನು ಅವಳು ಸಂಜೆ 'ಲೋಪ'ಕ್ಕೆ ಸರಿಸಿ, ಮರುದಿನ ಮತ್ತೆ ಎತ್ತಿ ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ಓಡಾಡಿದಳು.

ಡಾಕ್ಟರ ನೆನಪುಗಳಿದ್ದರೆ ಕಳಿಸಿರೆಂದು ಆಸ್ಪತ್ರೆಯವರು ಪತ್ರಿಕೆಯಲ್ಲಿ ಹಾಕಿಸಿದ್ದ ಪ್ರಕಟಣೆಗೆ ಓಗೊಟ್ಟು, ದೂರದೂರಿನ ಒಬ್ಬ ದರ್ಜಿ ಮುದುಕಿಯ ಪತ್ರವೂ ಅದೇ ವಾರ ಬಂದಿತು. 'ಸತ್ತಾಗ ನಮ್ಮಣ್ಣನಿಗೆ ಇಪ್ಪತ್ತೊಂದು, ನನಗೆ ಎಂಟು. ತೊಡೆಗೆ ಪೆಟ್ಟು, ಈ ಡಾಕ್ಟರಿದ್ದ ಯುದ್ಧದ ಆಸ್ಪತ್ರೆಯಲ್ಲಿ ಹೋದ ಅಂತ ಕಾಗದ ಬಂತು. ತೊಡೆಗೆ ಪೆಟ್ಟಾದರೆ ಸಾಯುತ್ತಾರಾ? ಅವನನ್ನು ಅಲ್ಲಿ ಯಾರಾದರೂ ನೋಡಿದರಾ, ಅಷ್ಟು ತಿಳಿಸಿ.' ಅಣ್ಣ ಸತ್ತ ತಾರೀಖು ಆ ಎರಡು ಪತ್ರಗಳ ದಿನದ್ದೇ. ರಿಜಿಸ್ಟರಿನಲ್ಲಿ ಹುಡುಗನ ಹೆಸರೂ ಇತ್ತು, ಎರಡನೆಯ ಕಾಲಂನಲ್ಲಿ, ಪಕ್ಕದಲ್ಲಿ ಮಾವನವರದೇ ಗುಂಡಗಿನ ಅಕ್ಷರದ ಟಿಪ್ಪಣಿ: ಹನ್ನೆರಡೂ ಹತ್ತಕ್ಕೆ ನೋಡಿದೆ. ಮೂರೂ ಇಪ್ಪತ್ತಕ್ಕೆ ಉಸಿರಿಲ್ಲ.

"ಒಳ್ಳೇ ಮಾತು ನಾಲ್ಕು ಬರೆದು ಕಳಿಸು. ಅಪ್ಪ ಎದ್ದು ಬಂದು ಸುಳ್ಳು ಅಂತಾರಾ?" ಎಂದರು ಅತ್ತಿಗೆ. ಗಂಡ, "ನಮ್ಮಪ್ಪನೇ ಕೊಂದ್ರು ಅಂತ ಬರೀತೀಯೇನು?" ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಮಾವನವರ ಮೇಲೆ ಸಿಟ್ಟು ಮಾಡಿಕೊಳ್ಳಲು ಸೊಸೆ ಮನಸಾರೆ ಪ್ರಯತ್ನಿಸಿದಳು. ಇಪ್ಪತ್ತೊಂದರ ಹುಡುಗ, ಕಟ್ಟು ಬಿಗಿದಿದ್ದರೆ ಉಳಿಯುತ್ತಿದ್ದವನು! ಸಿಟ್ಟು ಗಂಟಲವರೆಗೆ ಬರುವುದು, ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಮಗಳು ಯಾರೊಡನೆಯೋ ಫೋನಿನಲ್ಲಿ ನಗುವುದು ಕೇಳಿಸುವುದು. ಆಗ, ಆ ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಹೊಳೆಯದಿದ್ದ ಪ್ರಶ್ನೆಯೊಂದು ಅವಳನ್ನು ಹಿಡಿದುಕೊಂಡಿತು: ಮಾವನವರು ತನ್ನ ಮಗುವಿನ ಪಕ್ಕದಲ್ಲಿ ಕೂತ ಆ ನಾಲ್ಕು ದಿನ, ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಕಾದು ಕಾದು ಎದ್ದುಹೋದವರು ಯಾರು?

ಪತ್ರ ಬರೆಯಲು ಕೈ ಬಾರದೆ, ರಿಜಿಸ್ಟರಿನ ಆ ಒಂದು ಪುಟವನ್ನು ಚೀಲದಲ್ಲಿಟ್ಟುಕೊಂಡು ಅವಳೇ ಹೊರಟುಹೋದಳು. ಮುದುಕಿ ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಇಟ್ಟುಕೊಂಡು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಳು. ಸೊಸೆ ಪುಟವನ್ನು ಯಂತ್ರದ ಹಲಗೆಯ ಮೇಲಿಟ್ಟು, ಏನೂ ಮುಚ್ಚಿಡದೆ ಎಲ್ಲ ಹೇಳಿದಳು. ನೋಡಿದ್ದು ಒಂದೇ ಸಲ. ಆಮೇಲೆ ಮೂರು ಗಂಟೆ ಯಾರೂ ಹತ್ತಿರ ಬಂದಂತೆ ಕಾಣಲಿಲ್ಲ. ಬರಬೇಕಿದ್ದ ಡಾಕ್ಟರು ಇನ್ನೊಬ್ಬನ ಬಳಿ ಇದ್ದರು. ಅವರು ತನ್ನ ಮಾವ. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದಳು.

ಮುದುಕಿ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು. "ಆ ಇನ್ನೊಬ್ಬ, ತಲೆಗೆ ಪೆಟ್ಟಾದವನು, ಬದುಕಿದನಾ?"

"ಇಲ್ಲಮ್ಮ."

"ಅಯ್ಯೋ," ಎಂದಳು ಮುದುಕಿ. ಆ ಪುಟದ ಮೇಲೆ ಕೈಯಿಟ್ಟಳು. "ಅವನಾದ್ರೂ ಬದುಕಿದ್ದಿದ್ರೆ."

ಆಸ್ಪತ್ರೆಗೆ ಕೊಟ್ಟ ಎರಡು ಪುಟಗಳಲ್ಲಿ ಸೊಸೆ ಬೆಳಗಿನದನ್ನೂ ಬರೆದಳು, ಮಧ್ಯಾಹ್ನದ್ದನ್ನೂ ಬರೆದಳು. ಅತ್ತಿಗೆ ಮೂರು ವಾರ ಮಾತು ಬಿಟ್ಟರು. ಯಾರನ್ನೂ ಕೈಬಿಡಲಾರದ ಇಂಥ ಮೊಂಡು ಜೀವಗಳು ಲೋಕದಲ್ಲಿ ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತವೆ. ಅವರಿಗೂ ಎಲ್ಲರಂತೆ ಇರುವುದು ಎರಡೇ ಕೈ, ಒಂದೇ ಮೈ. ಅವರು ಒಬ್ಬರ ಪಕ್ಕದಲ್ಲಿ ಕೂತಷ್ಟು ಹೊತ್ತು ಇನ್ನೊಬ್ಬರ ಪಕ್ಕ ಬರಿದಾಗಿರುತ್ತದೆ. ಕೂತದ್ದು ನಮ್ಮ ಮಗುವಿನ ಪಕ್ಕದಲ್ಲಾದರೆ ಅವರನ್ನು ದೇವರೆನ್ನುತ್ತೇವೆ. ಎದ್ದುಹೋದದ್ದು ನಮ್ಮಣ್ಣನ ಪಕ್ಕದಿಂದಾದರೆ ಏನೆನ್ನಬೇಕೋ, ಕೂದಲು ನರೆತು ಕೈ ನಡುಗುವ ಕಾಲ ಬಂದರೂ ತಿಳಿಯುವುದಿಲ್ಲ.