ಸಮುದ್ರದ ಕೋಡಿ

ಅರವತ್ತೆರಡನೇ ಇಸವಿಯಲ್ಲಿ ನಮ್ಮೂರ ವೆಂಕಟರವಣಪ್ಪ ಸಮುದ್ರ ತೋರಿಸುತ್ತೇನೆಂದು ಚಿಂತಾಮಣಿಯಿಂದ ಬಸ್ಸು ಹೊರಡಿಸಿದ. ತೋರಿಸಿದ್ದೇನು? ದೀಪಸ್ತಂಭ ಅಂದ, ಅದಕ್ಕೆ ಬೀಗ. ದೊರೆಗಳ ಬಂಗಲೆ ಅಂದ. ಒಳಗೆಲ್ಲ ಬಾವಲಿ ನಾತ. ಪಾರ್ಕು ಅಂದ, ಕಲ್ಲುಬೆಂಚಿನ ಮೇಲೆ ಎಲೆಯಡಿಕೆ ಉಗುಳು. ಊರಿಗೆ ಊರೇ ಒಣಮೀನಿನ ವಾಸನೆ. ನಾನು ಮೂಗಿನಿಂದ ಸೆರಗು ತೆಗೆದಿದ್ದರೆ ಕೇಳಿ. ಇದನ್ನು ನೋಡಲು ಜನ ದೂರದೂರದಿಂದ ಬರುತ್ತಾರಂತೆ, ಅವರ ಬುದ್ಧಿಗಿಷ್ಟು ಬೆಂಕಿ ಹಾಕ!

ನಾನು ಬಂದದ್ದು ಅತ್ತೆ ಮುನಿಗಂಗಮ್ಮನವರಿಗಾಗಿ. ಅದಕ್ಕೆ ಮೂರು ವರ್ಷ ಹಿಂದೆ ಹೆರಿಗೆಯಲ್ಲಿ ಮಗು ಹೋಯಿತು, ನಾನೂ ಹೋಗುವವಳಿದ್ದೆ. ಸೊಸೆ ಉಳಿದರೆ, ಕೆರೆ ತುಂಬಿ ಕೋಡಿಯಲ್ಲಿ ನೀರು ಹರಿದ ದಿನ ಅವಳ ಕೈಯಿಂದಲೇ ಬಾಗಿನ ಕೊಡಿಸುತ್ತೇನೆ ಎಂದು ಅತ್ತೆ ಕೆರೆಯ ಗಂಗಮ್ಮನಿಗೆ ಹರಕೆ ಹೊತ್ತರು. ನಾನು ಉಳಿದೆ. ಕೆರೆ ಮಾತ್ರ ಆಮೇಲೆ ಕೋಡಿ ಬೀಳಲೇ ಇಲ್ಲ. ನನಗೊಂದು ಕೆಮ್ಮು ಬಂದರೂ ಅತ್ತೆಗೆ ಊಟ ಸೇರದು. ಸಮುದ್ರವೆಂದರೆ ಸದಾ ತುಂಬಿದ ಕೆರೆಯಲ್ಲವೇ ಎಂದುಕೊಂಡು ಜೋಡಿ ಮೊರದಲ್ಲಿ ಅರಿಶಿನ, ಬಳೆ, ರವಿಕೆ ಕಣ ಇಟ್ಟು ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು.

ಸೋಡಾ ಅಂಗಡಿಯವನನ್ನು ಅವರೇ ಕೇಳಿದರು: "ಅಪ್ಪಾ, ಈ ಸಮುದ್ರದ ಕೋಡಿ ಎಲ್ಲೈತೆ?"

"ಕೋಡಿಯಾ? ಹೀಗೇ ಸೀದಾ ಹೋಗಿ."

ಅತ್ತೆಯ ಮುಖ ಅರಳಿತು. ಸುಡುಬಿಸಿಲಲ್ಲಿ ನಡೆದೆವು. ಆ ಕಡೆಯವರು ಕೋಡಿ ಎನ್ನುವುದು ಸಮುದ್ರಕ್ಕೆ ಚಾಚಿಕೊಂಡ ಮರಳ ದಂಡೆಗಂತೆ! ಅಲ್ಲಿ ಕಟ್ಟೆಯೂ ಇಲ್ಲ, ಹರಿದುಹೋಗುವ ನೀರೂ ಇಲ್ಲ. ಇದ್ದದ್ದು ಊರವರ ಬಯಲು ಕಕ್ಕಸು. ಕಾಲಿಡಲು ಜಾಗವಿಲ್ಲ. ಮೀನಿನ ಕರುಳು, ಅದರ ಮೇಲೆ ನೊಣ. ಥೂ!

"ಇಲ್ಲಿ ಬೇಡ ಅತ್ತೆ, ಬನ್ನಿ ಹೋಗಣ."

"ಕೋಡಿ ಅಂದ್ನಲ್ಲಮ್ಮ ಅವನು. ಇಲ್ಲೇ ಬಿಡು."

ಬಿಟ್ಟೆ. ಅಲೆ ಬಾಗಿನದ ಮೊರವನ್ನು ತಂದು ಹೇಲಿನ ಪಕ್ಕಕ್ಕೇ ಎಸೆಯಿತು. ಮತ್ತೆ ಬಿಟ್ಟೆ, ಮತ್ತೆ ತಂದಿತು. ನಮ್ಮ ಕೆರೆಗೆ ಕೊಟ್ಟದ್ದು ಎಂದೂ ಹಾಗೆ ತಿರುಗಿ ಬಂದಿಲ್ಲ. ಅತ್ತೆ ಕುಸಿದು ಕೂತರು.

"ಗಂಗಮ್ಮ ಒಲ್ಲೆ ಅಂತಾವಳೆ ಕಣೇ. ನಿನ್ನನ್ನೇ ವಾಪಸ್ ಕೇಳ್ತಾವಳೆ."

ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. ನನಗೆ ಆ ಊರಿನ ಮೇಲೆ, ಸಮುದ್ರದ ಮೇಲೆ, ಗಂಗಮ್ಮನ ಮೇಲೂ ಹೇಸಿಗೆ ಹುಟ್ಟಿತು. ಮೊರ ಎತ್ತಿಕೊಂಡು ಸೀರೆ ಸಮೇತ ಸೊಂಟಮಟ್ಟ ನೀರಿಗಿಳಿದೆ. ಏನೇನು ತೇಲಿಬಂದು ಮೈಗೆ ತಾಗಿತೋ ನೋಡಲಿಲ್ಲ. ಮೊರವನ್ನು ಅದುಮಿ ಮುಳುಗಿಸಿ, ಅದರ ಮೇಲೆ ಎರಡೂ ಕಾಲೂರಿ ನಿಂತೆ. ಅಡಿಯಲ್ಲಿ ಬಳೆ ಒಡೆದದ್ದು ತಿಳಿಯಿತು.

"ತಗೊಂಡ್ಲು ಅತ್ತೆ!" ಎಂದು ಕೂಗಿದೆ.

ಅತ್ತೆ ಎರಡೂ ಕೈಯೆತ್ತಿ ಮುಗಿದರು. ಅಳುತ್ತಲೇ ನಕ್ಕರು. "ಸಾಕು ಬಾರಮ್ಮ, ಮೇಲಕ್ಕೆ ಬಾ" ಎಂದು ಕರೆದರು. ಅವರು ಬೆನ್ನು ತಿರುಗಿಸುವವರೆಗೂ ನಾನು ಕಾಲು ತೆಗೆಯಲಿಲ್ಲ.