ಮೂಗಿನಲ್ಲಿ ಮಾತಾಡುವ ಕಂಪ್ಯೂಟರ್

ನಮ್ಮ ಚಿಕ್ಕಪ್ಪನಿಗೆ ಕಣ್ಣು ಕಾಣುವುದಿಲ್ಲ. ಅವರು ಪತ್ತೇದಾರಿ ಕಾದಂಬರಿ ಬರೆಯುತ್ತಾರೆ, ಮೂವತ್ತು ವರ್ಷದಿಂದ ಒಂದೇ ಕಂಪ್ಯೂಟರಿನಲ್ಲಿ. ಬರೆದದ್ದನ್ನೆಲ್ಲ ಅದು ನೆಗಡಿಯಾದ ಗುಮಾಸ್ತನ ಹಾಗೆ ಮೂಗಿನಲ್ಲಿ ಓದಿ ಹೇಳುತ್ತದೆ. ಹೊಸ ಕಾದಂಬರಿಯ ಕಡೆಯ ಅಧ್ಯಾಯಕ್ಕೆ ಬಂದಾಗ ಅದು ಕೈಕೊಟ್ಟಿತು.

“ಹೊಸದು ತಗೊಳ್ಳಿ ಚಿಕ್ಕಪ್ಪ. ಈಗಿನವು ಎಷ್ಟು ಇಂಪಾಗಿ ಓದ್ತವೆ ಗೊತ್ತಾ?” ಎಂದೆ.

“ಅದೇ ತೊಂದರೆ. ನಾನು ಕಸ ಬರೆದ್ರೂ ಇಂಪಾಗೇ ಓದ್ತವೆ. ಇದರ ಬಾಯಲ್ಲೂ ಚೆನ್ನಾಗಿ ಕೇಳಿಸಿದ್ರೆ ಮಾತ್ರ ಆ ಸಾಲು ಚೆನ್ನಾಗಿದೆ ಅಂತ. ಇದಿಲ್ಲದಿದ್ರೆ ನಾನು ಬರೆಯೋದೇ ಬಿಟ್ಟೆ.”

ತಮಾಷೆಗೆ ಹೇಳಿದ್ದಲ್ಲ. ದಿನಕ್ಕೆ ನಾಲ್ಕು ಕೊಲೆ ಮಾಡಿಸುತ್ತಿದ್ದ ಮನುಷ್ಯ ಕೈಕಟ್ಟಿಕೊಂಡು ಕಿಟಕಿಯ ಪಕ್ಕ ಕೂತುಬಿಟ್ಟಿದ್ದರು. “ಏನಾದ್ರೂ ಮಾಡೇ, ಇವರು ಹೀಗೆ ಸುಮ್ಮನಿದ್ರೆ ನಂಗೆ ಭಯ ಆಗುತ್ತೆ” ಎಂದರು ಚಿಕ್ಕಮ್ಮ. ನನಗೂ ಭಯವೇ ಆಯಿತು.

ನಾನು ರೇಡಿಯೋ ರಿಪೇರಿಯವಳು. ಕೆಟ್ಟದ್ದನ್ನು ಹೊರಗೆ ತೆಗೆದು ಒಂಟಿಯಾಗಿ ಪರೀಕ್ಷಿಸು ಅಂತ ನಮ್ಮಪ್ಪ ಕಲಿಸಿದ್ದರು. ಅವರ ರೇಡಿಯೋ ಅಂಗಡಿಯಲ್ಲಿ ಅದೇ ಕಾನೂನು. ಹಾಗೆಯೇ ಕಂಪ್ಯೂಟರಿಗೆ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿಯನ್ನು ಬಿಚ್ಚಿ, ಅದೇ ಕೋಣೆಯಲ್ಲಿ ಹಾಕಿಕೊಂಡಿದ್ದ ನನ್ನ ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದೆ. ಉಸಿರಿಲ್ಲ. ಇದೇ ಕಳ್ಳ ಎಂದು ತೀರ್ಮಾನಿಸಿ ಮೂರು ದಿನ ಅದರ ಹೊಟ್ಟೆ ಬಗೆದೆ. ಬದಲಾಯಿಸಬಹುದಾದದ್ದನ್ನೆಲ್ಲ ಬದಲಾಯಿಸಿದೆ. ಮೀಟರಿನ ಮುಳ್ಳು ಅಲುಗಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸ್ಕ್ರೂಡ್ರೈವರ್ ಕುಕ್ಕಿ, “ಸತ್ತಿದೆ ಚಿಕ್ಕಪ್ಪ, ಬಿಟ್ಟುಬಿಡಿ” ಎಂದು ಕೂಗಿದೆ.

ಚಿಕ್ಕಪ್ಪ ಕಿಟಕಿಯ ಕಡೆಯಿಂದ ನನ್ನತ್ತ ತಿರುಗಿ ಕೂತರು. ಆಮೇಲೆ ಕೇಳಿದರು: “ಕಂಪ್ಯೂಟರ್ ಒಳಗಿದ್ದಾಗ ಸ್ವಿಚ್ ಹಾಕಿದ್ರೆ ಟಿಕ್ ಅಂತಿತ್ತು, ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ತಿತ್ತು. ನಿನ್ನ ಮೇಜಿನ ಮೇಲೆ ಟಿಕ್ ಕೂಡ ಇಲ್ಲ. ಸತ್ತ ಹೆಣ ಜಾಗ ನೋಡಿ ಬೇರೆ ಬೇರೆ ಥರ ಸಾಯುತ್ತಾ?”

ಪತ್ತೇದಾರನ ಮುಂದೆ ಸಿಕ್ಕಿಬಿದ್ದ ಹಾಗಾಯಿತು ನನಗೆ. ಆ ಕಾಲದ ಇಂಥ ಪವರ್ ಸಪ್ಲೈಗಳಿಗೆ ಕೆಲಸ ಕೊಡಬೇಕು. ಏನೂ ಜೋಡಿಸದೆ ಬರಿದೇ ಇಟ್ಟರೆ ಅವು ಶುರುವಾಗುವುದೇ ಇಲ್ಲ. ರೇಡಿಯೋದ ಚಾಳಿಯಲ್ಲಿ ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಸ್ಕೂಟರಿನ ಹೆಡ್‌ಲೈಟ್ ಬಲ್ಬೊಂದನ್ನು ಅದರ ತಂತಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಬಲ್ಬು ಮಂದವಾಗಿ ಹೊತ್ತಿಕೊಂಡಿತು, ಫ್ಯಾನು ಗಿರ್ರನೆ ತಿರುಗಿತು. ನಿರಪರಾಧಿಗೆ ಮೂರು ದಿನ ಚಿತ್ರಹಿಂಸೆ ಕೊಟ್ಟಿದ್ದೆ.

“ಹಾಗಾದ್ರೆ ಒಳಗೆ ಯಾರೋ ಅದರ ಕತ್ತು ಹಿಸುಕ್ತಿದಾರೆ” ಎಂದರು ಚಿಕ್ಕಪ್ಪ. ಅವರ ದನಿಯಲ್ಲಿ ಜೀವ ಬಂದಿತ್ತು.

ಪವರ್ ಸಪ್ಲೈಯನ್ನು ಮತ್ತೆ ಕಂಪ್ಯೂಟರಿಗೆ ಕೂರಿಸಿ, ಒಳಗಿದ್ದ ಕಾರ್ಡುಗಳನ್ನು ಒಂದೊಂದಾಗಿ ಕಿತ್ತು ಸ್ವಿಚ್ ಹಾಕುತ್ತ ಹೋದೆ. ಮೊದಲನೆಯದು ಕಿತ್ತೆ, ಟಿಕ್. ಎರಡನೆಯದು, ಟಿಕ್. ಮೂರನೆಯದನ್ನು ಕಿತ್ತಾಗ ಪರದೆ ಬೆಳಗಿತು! ಚಿಕ್ಕಮ್ಮ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನನ್ನ ಕೈಯಲ್ಲಿದ್ದದ್ದು ಮಾತಾಡುವ ಕಾರ್ಡು.

“ಯಾಕೆ ಏನೂ ಹೇಳ್ತಿಲ್ಲ ಅದು?” ಎಂದರು ಚಿಕ್ಕಪ್ಪ.

ಅಂಥ ಕಾರ್ಡು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. “ಒಂದು ನಿಮಿಷ” ಎಂದು ಸುಳ್ಳು ಹೇಳಿ ಮೀಟರು ಹಿಡಿದೆ. ನಲವತ್ತು ನಿಮಿಷದ ಮೇಲೆ ಕರೆಂಟು ಹಿಡಿದಿಡುವ, ಹುಣಸೆಬೀಜದ ಗಾತ್ರದ ಹಳದಿ ಕೆಪಾಸಿಟರೊಂದು ಸಿಕ್ಕಿಬಿತ್ತು. ಒಳಗೊಳಗೇ ಶಾರ್ಟ್ ಆಗಿ ಕರೆಂಟನ್ನೆಲ್ಲ ನುಂಗುತ್ತಿತ್ತು. ಹಳೆಯ ರೇಡಿಯೋದಿಂದ ಅಂಥದ್ದೇ ಒಂದನ್ನು ಕಿತ್ತು ಬೆಸುಗೆ ಹಾಕಿದೆ. ಕಾರ್ಡು ಕೂರಿಸಿ ಸ್ವಿಚ್ ಹಾಕಿದೆ.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗೊರಗೊರ ಸದ್ದು. ಚಿಕ್ಕಪ್ಪ ಕುರ್ಚಿಯನ್ನು ಎಳೆದುಕೊಂಡು, ಕೀಲಿಗಳನ್ನು ಸವರಿ ನೋಡಿ, ತಮ್ಮ ಅಧ್ಯಾಯ ತೆರೆದರು.

“ಅವಳ ಕಣ್ಣೀರು ಮುತ್ತಿನ ಹಾಗೆ ಉದುರಿತು” ಎಂದಿತು ಕಂಪ್ಯೂಟರ್, ಮೂಗಿನಲ್ಲೇ.

ನನಗೆ ಅಳು ಬಂತು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಥೂ, ಎಂಥ ದರಿದ್ರ ಸಾಲು!” ಎಂದು ಚಿಕ್ಕಪ್ಪ ಆನಂದದಿಂದ ಅದನ್ನು ಅಳಿಸಿ, ನಮ್ಮಿಬ್ಬರನ್ನೂ ಕೋಣೆಯಿಂದ ಹೊರಗಟ್ಟಿ, ಬರೆಯತೊಡಗಿದರು.