ಹಸಿದವನು ಬರೆದ ಅರ್ಜಿ

ಗುರುಲಿಂಗಪ್ಪ ಕಲಬುರಗಿಯ ಕಚೇರಿಯ ಎದುರು ಬೇವಿನ ಮರದಡಿ ಕೂತು ಅರ್ಜಿ ಬರೆಯುತ್ತಿದ್ದ. ನಿಜಾಮರ ಕಾಲ, ಕಚೇರಿಯ ಕೆಲಸವೆಲ್ಲ ಉರ್ದುವಿನಲ್ಲಿ. ರೈತರು ಕನ್ನಡದಲ್ಲಿ ಹೇಳಿಕೊಂಡದ್ದನ್ನು ಅವನು ವಿನಯವಾದ ಉರ್ದುವಿನಲ್ಲಿ ಬರೆದುಕೊಡುತ್ತಿದ್ದ.

ಹೆಂಡತಿ ಅಂಬಮ್ಮ ಹೆರಿಗೆಗೆಂದು ತವರಿಗೆ ಹೋದ ಮೇಲೆ ಬ್ರಹ್ಮಪುರ ಓಣಿಯ ಅವನ ಮನೆಯಲ್ಲಿ ಒಲೆ ಹೊತ್ತಲೇ ಇಲ್ಲ. ಬೆಳಿಗ್ಗೆ ಚಹಾ, ಮಧ್ಯಾಹ್ನ ಚಹಾ, ಸಂಜೆ ನಾಲ್ಕು ಮಿರ್ಚಿಭಜಿ, ಮತ್ತೆ ಚಹಾ. ಎರಡು ತಿಂಗಳಲ್ಲಿ ಮನುಷ್ಯನೇ ಬೇರೆಯಾದ. ನಿದ್ದೆ ಹತ್ತದು. ಕಾಗೆ ಕೂಗಿದರೂ ಸಿಟ್ಟು. ಒಬ್ಬನೇ ಇದ್ದಾಗ ಕಾರಣವಿಲ್ಲದೆ ಕಣ್ಣೀರು.

ಆಗಲೇ ಕಮಲಾಪುರದ ಬಾಳೆತೋಟದ ದೌಲಪ್ಪ ಬಂದ. ಹಳ್ಳದಿಂದ ತೋಟಕ್ಕೆ ಕಾಲುವೆ ತೆಗೆಯಲು ಪರವಾನಗಿ ಬೇಕಿತ್ತು. ಗುರುಲಿಂಗಪ್ಪ ತಲೆನೋವಿನಲ್ಲೇ ಬರೆದುಕೊಟ್ಟ. ಮೂರನೆಯ ದಿನ ತಹಸೀಲ್ದಾರ್ ಸಾಹೇಬರು ಇಬ್ಬರನ್ನೂ ಕರೆಸಿ ಅರ್ಜಿಯನ್ನು ಗಟ್ಟಿಯಾಗಿ ಓದಿದರು: "ಹುಜೂರರಿಗೆ ಕಣ್ಣಿದ್ದರೆ ನಮ್ಮ ತೋಟ ನೋಡಲಿ. ಕಿವಿಯಿದ್ದರೆ ಬಾಳೆಗಿಡಗಳ ಅಳು ಕೇಳಲಿ. ಎರಡೂ ಇಲ್ಲದಿದ್ದರೆ ಕುರ್ಚಿ ಬಿಟ್ಟು ಇಳಿಯಲಿ."

ಸಾಹೇಬರ ಗಡ್ಡ ಅಲುಗಿತು. ಸಿಟ್ಟಿಗೋ ನಗುವಿಗೋ ತಿಳಿಯಲಿಲ್ಲ.

"ಇದು ಅರ್ಜಿನೋ, ಹುಕುಮೋ? ಹದಿನೈದು ದಿನದಾಗ ಬ್ಯಾರೆ ಬರಕೊಂಡು ಬರ್ರಿ. ಅಲ್ಲೀತನಕ ಈತ ಮರದ ಕೆಳಗ ಕೂಡಬಾರದು."

ಹೊರಗೆ ಬಂದು ಗುರುಲಿಂಗಪ್ಪ ಮೆಟ್ಟಿಲ ಮೇಲೆ ಕುಸಿದು ಅತ್ತುಬಿಟ್ಟ. ದೌಲಪ್ಪ ಬೈಯಲಿಲ್ಲ. ಅವನ ಬತ್ತಿದ ಕೆನ್ನೆಗಳನ್ನೇ ನೋಡುತ್ತ ಕೇಳಿದ.

"ಮುಂಜಾನಿ ಏನ್ ಉಂಡೀರಿ?"

"ಚಹಾ ಕುಡದೀನ್ರಿ."

"ನಿನ್ನೆ?"

"ಚಹಾ... ಭಜಿ."

"ನಮ್ಮ ಎತ್ತಿಗೆ ಎರಡು ದಿನ ಮೇವು ಹಾಕಲಿಲ್ಲಂದ್ರ ಅದೂ ಕೋಡಿಲೆ ಹಾಯಾಕ ಬರ್ತದ್ರೀ. ಏಳ್ರಿ, ಬಂಡಿ ಹತ್ರಿ."

ಕಮಲಾಪುರದಲ್ಲಿ ದೌಲಪ್ಪನ ಹೆಂಡತಿ ಚಂದಮ್ಮ ಬಿಸಿ ಜೋಳದ ರೊಟ್ಟಿ, ಹುಳಿಸೊಪ್ಪಿನ ಪುಂಡಿಪಲ್ಲೆ, ಶೇಂಗಾಹಿಂಡಿ ಎಂಬ ಚಟ್ನಿಪುಡಿ ಬಡಿಸಿದಳು. ಒಂದು ರೊಟ್ಟಿಗೇ ಅವನು ಸಾಕೆಂದ.

"ಇದು ಕಚೇರಿ ಅಲ್ರಿ ಅಣ್ಣಾರ, ಇಲ್ಲಿ ನನ್ನ ಹುಕುಮ್ ನಡೀತದ" ಎಂದು ಚಂದಮ್ಮ ಇನ್ನೊಂದು ಹಾಕಿದಳು.

ಮೊದಲ ಮೂರು ದಿನ ಚಹಾಕ್ಕಾಗಿ ತಲೆ ಸಿಡಿಯಿತು. ಕೇಳಿದಾಗಲೆಲ್ಲ ಚಂದಮ್ಮ ಮಜ್ಜಿಗೆ ಕೊಟ್ಟಳು. ಅವನು ಮುನಿಸಿಕೊಂಡು ತೋಟಕ್ಕೆ ಹೋಗಿ ಕೂತ. ದೌಲಪ್ಪ ಕೆಂಪು ಬಾಳೆಹಣ್ಣು ಹಿಡಿದು ಅಲ್ಲಿಗೂ ಬಂದ. ನಾಲ್ಕನೆಯ ದಿನ ಗಾಢ ನಿದ್ದೆ ಬಂತು. ಹೊತ್ತಿಗೆ ಸರಿಯಾಗಿ ಮನೆಯವರ ಜೊತೆ ಕೂತು, ಮಳೆ ಬೆಳೆ ಮಾತಾಡುತ್ತ ಉಣ್ಣುವುದು ರೂಢಿಯಾಯಿತು. ಎಂಟನೆಯ ದಿನ ಚಂದಮ್ಮ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು: ಅವನು ಬಾವಿಯ ಹತ್ತಿರ ಹಾಡು ಗುನುಗುತ್ತಿದ್ದ.

ಅಂದೇ ಅವನು ನಾಚುತ್ತ ಕೇಳಿದ: "ಅಕ್ಕಾರ, ನನಗೂ ರೊಟ್ಟಿ ಬಡಿಯಾಕ ಕಲಿಸ್ರಿ."

ಅವನ ಮೊದಲ ರೊಟ್ಟಿ ನಾಲ್ಕು ದಿಕ್ಕಿಗೂ ಹರಿದುಕೊಂಡಿತು. "ನಿಜಾಮರ ರಾಜ್ಯದ ನಕಾಶಿ ಆಗ್ಯಾದಲ್ರೀ!" ಎಂದು ಚಂದಮ್ಮ ಬಿದ್ದುಬಿದ್ದು ನಕ್ಕಳು. ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು.

ಹದಿನಾಲ್ಕನೆಯ ದಿನ ಹೊಟ್ಟೆತುಂಬ ಉಂಡು ಹೊಸ ಅರ್ಜಿ ಬರೆದ. ಮರುದಿನ ಕಚೇರಿಯಲ್ಲಿ ಸಾಹೇಬರು ಅದನ್ನು ಎರಡು ಸಲ ಓದಿ ರುಜು ಹಾಕಿದರು.

"ಯಾವ ಹಕೀಮರ ಔಷಧ?"

"ಈ ದೌಲಪ್ಪನವರ ಮನಿಯವರದು ಹುಜೂರ್. ಹೊತ್ತಿಗೆ ಸರಿಯಾಗಿ ರೊಟ್ಟಿ, ಪಲ್ಲೆ."

ಈ ಸಲ ಸಾಹೇಬರು ನಕ್ಕದ್ದು ಸ್ಪಷ್ಟವಾಗಿಯೇ ಕಂಡಿತು.

ಬ್ರಹ್ಮಪುರದ ಮನೆಯಲ್ಲಿ ಮತ್ತೆ ಒಲೆ ಹೊತ್ತಿತು. ತಾನೇ ಅಡುಗೆ ಮಾಡಿ ಉಣ್ಣುತ್ತಿರುವುದಾಗಿ ಅವನು ಅಂಬಮ್ಮನಿಗೆ ಕಾಗದ ಬರೆದ. ತವರಿನಲ್ಲಿ ಯಾರೂ ನಂಬಲಿಲ್ಲ. ಕಣ್ಣಾರೆ ನೋಡಬೇಕೆಂದು ಅಂಬಮ್ಮ, ಬರುತ್ತೇನೆಂದು ಹೇಳಿದ್ದ ದಿನಕ್ಕಿಂತ ಒಂದು ತಿಂಗಳು ಮೊದಲೇ ಹಸುಗೂಸು ಮಗಳನ್ನೆತ್ತಿಕೊಂಡು ಹೊರಟುಬಂದಳು.